1889ರಲ್ಲಿ ಧ್ವನಿಮುದ್ರಣ ಮಾಡಿದವರು ಯಾರು?

ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿಯ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಅದನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡದವು ಎರಡೇ, ಆ ಎರಡೂ ಶಿಶುನಾಳ ಶರೀಫರವು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಪಕ್ಕವಾದ್ಯ ಗಿಟಾರು, ಡ್ರಮ್ಸು, ಪಿಟೀಲು. ವೇದಿಕೆಯ ಮೇಲೆ ಹಾಡುಗಾರರು ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ನಿಂತರು. ಆಗ ಶುರುವಾದ ಗೊಣಗಾಟ ಇನ್ನೂ ನಿಂತಿಲ್ಲ. ಜಾನಪದ ಕೆಟ್ಟಿತು, ಶರೀಫಜ್ಜನ ಮೂಲ ಧಾಟಿಗೆ ಕುತ್ತು ಬಂತು, ತತ್ವಪದಕ್ಕೆ ಡ್ರಮ್ಸ್ ಬಡಿಯುವುದು ಅಪಚಾರ ಎಂದು ಕೇಳುಗರ ಒಂದು ದೊಡ್ಡ ಪಾಳಯ ತೀರ್ಪು ಕೊಟ್ಟು ಕೈತೊಳೆದುಕೊಂಡಿದೆ.

ಈ ತೀರ್ಪಿನ ಬುಡದಲ್ಲಿರುವುದು ‘ಮೂಲ ಧಾಟಿ’ ಎಂಬ ನಂಬಿಕೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಗ್ರಾಮಾಫೋನ್ ಕಂಪನಿ ಭಾರತಕ್ಕೆ ಯಂತ್ರ ಹೊತ್ತು ತಂದು ಹಾಡುಗಳನ್ನು ಮುದ್ರಿಸಿಕೊಳ್ಳತೊಡಗಿದ್ದು 1902ರಲ್ಲಿ, ಅದೂ ಕಲ್ಕತ್ತೆಯಲ್ಲಿ. ನಡುವೆ ಹದಿಮೂರು ವರ್ಷಗಳ ಅಂತರವಿದೆ. ಶರೀಫರು ಸ್ವರ ಹಾಕಿ ಬರೆದಿಟ್ಟವರಲ್ಲ. ಅವರ ಪದಗಳು ಬಾಯಿಂದ ಬಾಯಿಗೆ ಸಾಗಿ ಧಾರವಾಡ ಸೀಮೆಯ ಭಜನಾ ಮೇಳಗಳಲ್ಲಿ ಉಳಿದವು. ಒಂದೊಂದು ಊರಿನ ಮೇಳಕ್ಕೆ ಒಂದೊಂದು ಮಟ್ಟು, ದಮ್ಮಡಿ ಬಡಿಯುವವನ ಕೈಗೆ ತಕ್ಕ ಓಟ. ಹೀಗಿರುವಾಗ 2008ರಲ್ಲಿ ಕೆಟ್ಟುಹೋದ ಆ ಮೂಲ ಧಾಟಿಯನ್ನು ಯಾರು, ಯಾವಾಗ, ಎಲ್ಲಿ ಕೇಳಿಸಿಕೊಂಡಿದ್ದರು? 1889ರ ಗೋಡೆಯನ್ನು ದಾಟಿ ಹೋಗಿ ಕೇಳಿ ಬಂದ ಕಿವಿ ಯಾವುದು?

ಕೇಳಿದ್ದು ಕ್ಯಾಸೆಟ್ಟನ್ನು. ನೆಲಮಂಗಲದಲ್ಲಿ ತುಮಕೂರಿನ ಕಡೆ ಮುಖ ಮಾಡಿ ಹೊರಟ ಹೆದ್ದಾರಿ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ನೇರ ಶಿಗ್ಗಾವಿಗೆ ಮುಟ್ಟಿಸುತ್ತದೆ. ಶಿಶುನಾಳ ಅದೇ ತಾಲ್ಲೂಕಿನ ಊರು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರಿನ ಈ ದಾರಿಯಲ್ಲಿ ಲಾರಿಗಳು ಬಂದವು, ಮೆಣಸಿನಕಾಯಿ ಬಂತು. ಭಜನಾ ಮೇಳಗಳು ಬರಲಿಲ್ಲ. ನೆಲಮಂಗಲದ ಈ ಸೀಮೆಗೆ ಶರೀಫರು ಬಂದದ್ದು ಟೇಪ್‌ರೆಕಾರ್ಡರಿನ ಮೂಲಕ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಹುಡುಕಿ ಆಯ್ದುಕೊಟ್ಟರು, ಸಿ. ಅಶ್ವತ್ಥ್ ರಾಗ ಹಾಕಿದರು, ಸ್ಟುಡಿಯೋದ ವಾದ್ಯವೃಂದ ನುಡಿಸಿತು. ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು, ಅದರ ಸಂಗೀತವೂ ಅಶ್ವತ್ಥರದೇ. ಸಿನಿಮಾಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು, ಹಾಡುಗಳು ಮನೆಮಾತಾದವು. ಅಶ್ವತ್ಥ್ ಬೆಂಗಳೂರಿನಲ್ಲಿ ನೆಲೆಸಿದವರು, ಐಟಿಐ ಕಾರ್ಖಾನೆಯ ನೌಕರಿ ಮಾಡಿದವರು, ರಂಗಭೂಮಿಯ ದೊಡ್ಡ ದನಿ. ಅವರು ಕೊಟ್ಟದ್ದು ಅವರ ಪ್ರತಿಭೆಯ ಹೊಸ ರಚನೆ. ಅದು ಅದ್ಭುತವಾಗಿತ್ತು, ಸರಿ, 1889ರದ್ದಾಗಿರಲಿಲ್ಲ.

ಅಲ್ಲಿಗೆ ಲೆಕ್ಕ ಸ್ಪಷ್ಟ. ಒಂದು ಸ್ಟುಡಿಯೋದಲ್ಲಿ ಹುಟ್ಟಿದ ಧಾಟಿ ಇಪ್ಪತ್ತು–ಇಪ್ಪತ್ತೈದು ವರ್ಷ ಕಿವಿಗೆ ಬಿದ್ದು ಬಿದ್ದು ‘ಅಜ್ಜನ ಕಾಲದ ಧಾಟಿ’ ಎನಿಸಿಕೊಂಡಿತು. ಇನ್ನೊಂದು ಸ್ಟುಡಿಯೋದಲ್ಲಿ ಹುಟ್ಟಿದ್ದು ಅಪಚಾರವಾಯಿತು. ಜಾನಪದದ ರಕ್ಷಣೆ ಎಂಬ ಈ ಗದ್ದಲವೆಲ್ಲ ತಮ್ಮ ಹರೆಯದ ಕ್ಯಾಸೆಟ್ಟಿನ ರಕ್ಷಣೆ, ಅಷ್ಟೆ.

ಎರಡನೆಯ ಆಕ್ಷೇಪ ವಾದ್ಯದ್ದು: ಗಿಟಾರು ಪರದೇಶಿ. ಹಾಗಾದರೆ ಅಶ್ವತ್ಥರ ಕೈಯಲ್ಲಿದ್ದ, ಹಳ್ಳಿಹಳ್ಳಿಯ ಭಜನೆ ಮನೆಯಲ್ಲಿ ಗಣಪತಿಯಷ್ಟೇ ಪೂಜೆಗೆ ಪಾತ್ರವಾಗಿರುವ ಹಾರ್ಮೋನಿಯಂ ಯಾವ ಹೊಲದಲ್ಲಿ ಬೆಳೆದದ್ದು? ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಇಂದು ಗಿಟಾರಿನ ಮೇಲೆ ಹೊರಿಸುವ ಆರೋಪಪಟ್ಟಿಯನ್ನೇ ಅಂದು ಹಾರ್ಮೋನಿಯಂ ಮೇಲೆ ಹೊರಿಸಲಾಗಿತ್ತು. ಪರದೇಶಿ ವಾದ್ಯ ಬೇಡವೆನ್ನುವವರು ಮೊದಲು ಭಜನೆ ಮನೆಯ ಪೆಟ್ಟಿಗೆಯನ್ನು ಪ್ಯಾರಿಸ್ಸಿಗೆ ವಾಪಸ್ ಕಳುಹಿಸಲಿ.

ಹಳ್ಳಿಹಾಡಿನ ‘ಶುದ್ಧತೆ’ ಧ್ವನಿಮುದ್ರಣ ಕಂಪನಿಗಳ ಕೂಸು ಎಂಬುದಕ್ಕೆ ಅಮೆರಿಕದ ಕಂಟ್ರಿ ಸಂಗೀತ ಒಳ್ಳೆಯ ಸಾಕ್ಷಿ. 1927ರ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಗಾಗಿ ರಾಲ್ಫ್ ಪಿಯರ್ ಎಂಬಾತ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಕಾರ್ಟರ್ ಕುಟುಂಬದವರನ್ನೂ ಜಿಮ್ಮಿ ರಾಜರ್ಸ್‌ನನ್ನೂ ಹಾಡಿಸಿ ಮುದ್ರಿಸಿಕೊಂಡ. ಆ ತಟ್ಟೆಗಳೇ ಮುಂದೆ ‘ಅಸಲಿ’ ಕಂಟ್ರಿಯ ಅಳತೆಗೋಲಾದವು. ಆ ಅಸಲಿಯೊಳಗಿನ ಬ್ಯಾಂಜೋ ಆಫ್ರಿಕದಿಂದ ಗುಲಾಮರ ಜತೆ ಬಂದದ್ದು, ಸ್ಟೀಲ್ ಗಿಟಾರು ಹವಾಯಿ ದ್ವೀಪದ್ದು. ಅಲ್ಲಿಯೂ ಪ್ರತಿ ಹೊಸ ಆಲ್ಬಂ ಬಂದಾಗ ‘ಇದು ಕಂಟ್ರಿಯೇ ಅಲ್ಲ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ.

ಮೂರನೆಯ ಆಕ್ಷೇಪ, ಇದು ಬಿಳಿಯರನ್ನು ಮೆಚ್ಚಿಸಲು ಮಾಡಿದ್ದು ಎಂಬ ಮಾತು. ಆಲ್ಬಂ ಬಂದದ್ದು 2008ರಲ್ಲಿ. ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ರಘು ದೀಕ್ಷಿತ್ ಹಾಡಿದ್ದು 2010ರಲ್ಲಿ, ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಸಂದದ್ದು 2011ರಲ್ಲಿ. ತಾರೀಖು ನೋಡಿದರೆ ಮುಗಿಯಿತು, ಹೆಚ್ಚು ವಾದ ಬೇಕಿಲ್ಲ. ಅದೇ 2008ರ ‘ಸೈಕೋ’ ಸಿನಿಮಾದಲ್ಲಿ ಇದೇ ಕಂಠ, ಇದೇ ಬಗೆಯ ವಾದ್ಯಗಳ ಜತೆ ಮಾದೇಶ್ವರನನ್ನು ಕರೆದು ಹಾಡಿತು. ಆಟೋಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಅದು ವರ್ಷಗಟ್ಟಲೆ ಮೊಳಗಿತು. ಆಗ ಅಪಚಾರದ ನೆನಪಾಗಲಿಲ್ಲ. ಸಿನಿಮಾದ ಮುದ್ರೆ ಬಿದ್ದರೆ ಎಲ್ಲವೂ ಪ್ರಸಾದ.

ಗಾಯಕ ಚಂದನ್ ಶೆಟ್ಟಿ ಅವರ ಕೋಲುಮಂಡೆ ಹಾಡಿನ ಪ್ರಕರಣವನ್ನು ಇದರ ಜತೆ ಕಲಸುವವರೂ ಇದ್ದಾರೆ. 2020ರ ಆಗಸ್ಟಿನಲ್ಲಿ ಆ ವಿಡಿಯೋ ವಿರುದ್ಧ ಎದ್ದವರು ಮಲೆ ಮಹದೇಶ್ವರನ ಒಕ್ಕಲಿನವರು. ಆ ದೇವರ ಕಾವ್ಯದಲ್ಲಿ ಬರುವ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಅವರು ನೊಂದರು, ಗಾಯಕರು ಕ್ಷಮೆ ಕೇಳಿದರು, ವಿಡಿಯೋ ಹಿಂದಕ್ಕೆ ಹೋಯಿತು. ಅಲ್ಲಿ ಕಂಸಾಳೆ ಹಿಡಿದು ಇಂದಿಗೂ ಆ ಕಾವ್ಯ ಹಾಡುವ ಜನರಿದ್ದಾರೆ, ಕಥೆ ಅವರದು. ಶರೀಫರ ಪದಕ್ಕೆ ಗಿಟಾರು ಬಂತೆಂದು ಎದೆ ಬಡಿದುಕೊಳ್ಳುತ್ತಿರುವವರು ಭಜನಾ ಮೇಳದವರಲ್ಲ, ಸೋಫಾದ ಮೇಲೆ ಕೂತವರು.

ಹಾಗೆ ಕೂತವರ ಜಾನಪದ ಪ್ರೇಮವನ್ನು ಅಳೆಯಬೇಕೆಂದರೆ ನೆಲಮಂಗಲದ ಹೆದ್ದಾರಿ ಬದಿಯ ಕಲ್ಯಾಣಮಂಟಪಗಳಿಗೆ ಹೋಗಬೇಕು. ಆರತಕ್ಷತೆಯ ಸಂಜೆ ವೇದಿಕೆಯ ಎರಡೂ ಕಡೆ ಆಳೆತ್ತರದ ಡಿಜೆ ಪೆಟ್ಟಿಗೆಗಳು, ಊಟದ ಹಾಲಿನಲ್ಲಿ ಎಲೆ ನಡುಗುವಷ್ಟು ಸದ್ದು. ಮರುದಿನ ಬೆಳಿಗ್ಗೆ ಅರಿಶಿನ ಹಚ್ಚುವ ಹೊತ್ತಿಗೆ ಹಳ್ಳಿಯಿಂದ ಬಂದ ಇಬ್ಬರು ಅಜ್ಜಿಯರು ಸೋಬಾನೆ ಎತ್ತಿಕೊಂಡರೆ ವಿಡಿಯೋದವನು ‘ಸ್ವಲ್ಪ ಸರೀರಿ ಅಜ್ಜಿ, ಫ್ರೇಮಿಗೆ ಅಡ್ಡ’ ಎನ್ನುತ್ತಾನೆ. ಎರಡನೆಯ ನುಡಿಗೇ ಹಾಡು ನಿಲ್ಲುತ್ತದೆ. ಮದುಮಗಳ ತಂದೆ ಅದೇ ಸಂಜೆ ಗೆಳೆಯರ ನಡುವೆ ಕೂತು ಜಾನಪದ ನಶಿಸುತ್ತಿದೆ ಎಂದು ಮರುಗಬಲ್ಲರು. ಜಾತ್ರೆಯ ಮಾತು ಇದಕ್ಕಿಂತ ಕಹಿ. ತಮಟೆ, ಅರೆವಾದ್ಯದವರಿಲ್ಲದೆ ದೇವರು ಗುಡಿ ಬಿಟ್ಟು ಕದಲುವುದಿಲ್ಲ. ಬಡಿದವರು ಮಾತ್ರ ಎಷ್ಟೋ ಊರುಗಳಲ್ಲಿ ಇನ್ನೂ ಗುಡಿಯ ಹೊರಗೇ, ಊಟಕ್ಕೆ ಕೊನೆಯ ಪಂಕ್ತಿಯಲ್ಲೇ. ತಮಟೆ ಬೇಕು, ತಮಟೆಯವನು ಬೇಡ ಎನ್ನುವ ಸಮಾಜ ಲುಂಗಿ ಉಟ್ಟ ಒಬ್ಬ ಹಾಡುಗಾರನಿಗೆ ಸಂಪ್ರದಾಯದ ಪಾಠ ಹೇಳುತ್ತದೆ!

ಆಲ್ಬಮ್ಮಿನಲ್ಲಿ ತಪ್ಪಿಲ್ಲವೆಂದಲ್ಲ. ಗುಡುಗುಡಿಯ ಹಾಡಿಗೆ ತಾಳದ ಕುಣಿತ ಹೊಂದುತ್ತದೆ. ಪದವೇ ತಮಾಷೆಯ ಸೋಗಿನಲ್ಲಿ ವೈರಾಗ್ಯ ಹೇಳುವಂಥದು, ಕುಣಿಯುತ್ತ ಕೇಳಿದವನಿಗೂ ಕೊನೆಗೆ ಚುರುಕು ಮುಟ್ಟುತ್ತದೆ. ಸೋರುವ ಮಾಳಿಗೆಯಲ್ಲಿ ಮಾತ್ರ ವಾದ್ಯಗಳ ಅಬ್ಬರ ಏರಿದಂತೆ ಮಾತು ಹಿಂದೆ ಸರಿಯುತ್ತದೆ, ಅಜ್ಞಾನದಿಂದ ಸೋರುವ ಮನೆಯ ದುಃಖ ಮಬ್ಬಾಗುತ್ತದೆ. ಇದು ಕಿವಿಯಿದ್ದವರು ಹೇಳಬಹುದಾದ ಮಾತು. ಇದನ್ನು ಹೇಳಿದವರು ಕಡಿಮೆ, ಏಕೆಂದರೆ ಇದಕ್ಕೆ ಹಾಡನ್ನು ಪೂರ್ತಿ ಕೇಳಬೇಕಾಗುತ್ತದೆ.

ಇನ್ನೂ ದೊಡ್ಡ ಕೊರತೆಯೊಂದು ಯಾರ ಕಣ್ಣಿಗೂ ಬೀಳಲಿಲ್ಲ. ಹಾಡುಗಾರರು ಮೈಸೂರಿನಲ್ಲಿ ಬೆಳೆದವರು, ಬೆಂಗಳೂರಿನಲ್ಲಿ ನೆಲೆಸಿದವರು. ಕನ್ನಡದ ಎರಡು ಹಾಡಿಗೂ ಶರೀಫರ ಬಳಿಗೇ ಹೋದರು, 2013ರ ‘ಜಗ್ ಚಂಗಾ’ದಲ್ಲಿ ಮತ್ತೆ ಅವರದೇ ಕೋಡಗ ಮತ್ತು ಕೋಳಿಯ ಪದ ಎತ್ತಿಕೊಂಡರು. ಅಂದರೆ ಅಶ್ವತ್ಥರು ಆಗಲೇ ಹದಮಾಡಿ ಬಿತ್ತಿದ್ದ ನೆಲದಲ್ಲೇ ಮತ್ತೆ ಬೆಳೆ ತೆಗೆದರು. ಹಳೇ ಮೈಸೂರಿನ ಸೋಬಾನೆ, ಕೋಲಾಟದ ಪದ, ರಾಗಿ ಬೀಸುವ ಪದಗಳಲ್ಲಿ ಒಂದನ್ನೂ ಈ ಎರಡು ಆಲ್ಬಮ್ಮುಗಳು ಮುಟ್ಟಲಿಲ್ಲ. ನೆಲಮಂಗಲದಿಂದ ಮಾಗಡಿ ಮೇಲೆ ರಾಮನಗರಕ್ಕೆ ಹೋದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಳ್ಳಿಗರ ಕಂಠದಿಂದಲೇ ಮುದ್ರಿಸಿಕೊಂಡ ಹಾಡುಗಳು ಅಲ್ಲಿ ಕಾದು ಕೂತಿವೆ, ಅವಕ್ಕೆ 1889ರ ಗೋಡೆಯ ಅಡ್ಡಿಯಿಲ್ಲ. ಆ ಆಲ್ಬಮ್ಮಿನ ಮೇಲೆ ನಿಲ್ಲುವ ದೊಡ್ಡ ದೂರು ಇದು, ಗಿಟಾರಿನದಲ್ಲ.