ಹೊಸ ಲ್ಯಾಪ್‌ಟಾಪ್ ಜೊತೆಗೂ ‘ಅಡ್ಜಸ್ಟ್’ ಮಾಡಿಕೊಳ್ಳಬೇಕೆ?



ಮೂವರ ಸೀಟಿನಲ್ಲಿ ನಾಲ್ವರು ಕೂರುವಾಗ ಹೇಳುವ “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂಬ ಮಾತನ್ನು ನಾವು ಊರಿನಿಂದ ಈ ದೇಶಕ್ಕೂ ಹೊತ್ತು ತಂದಿದ್ದೇವೆ. ಮನುಷ್ಯರ ನಡುವೆ ಅದು ಒಳ್ಳೆಯ ಗುಣವೇ. ಆದರೆ ದುಡ್ಡು ಕೊಟ್ಟು ತಂದ ಹೊಸ ಯಂತ್ರದ ಜೊತೆಗೂ ಅಡ್ಜಸ್ಟ್ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

2017ರಲ್ಲಿ ನಾಟಿಂಗ್‌ಹ್ಯಾಮ್‌ನ ಅಂಗಡಿಯೊಂದರಿಂದ ಮಗಳ ಓದಿಗೆಂದು ಲ್ಯಾಪ್‌ಟಾಪ್ ತಂದೆವು. ನಾಲ್ಕನೇ ದಿನವೇ ಒಳಗಿನಿಂದ ‘ಟಕ್, ಟಕ್, ಕರ್‌ರ್’ ಎಂಬ ಸದ್ದು. ಹಾಡು ಹಾಕಿದರೆ ತೊದಲುತ್ತಿತ್ತು, ಟೈಪ್ ಮಾಡಿದ ಅಕ್ಷರ ಹತ್ತು ಸೆಕೆಂಡ್ ಬಿಟ್ಟು ಮೂಡುತ್ತಿತ್ತು. ನಮ್ಮಲ್ಲಿ ಮನೆಗೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದೇ ಇರುತ್ತಾರಲ್ಲ, ಸಲಹೆಗಳಿಗೇನು ಬರ! ಒಬ್ಬರು ಫಾರ್ಮ್ಯಾಟ್ ಮಾಡಿ ಎಂದರು. ಇನ್ನೊಬ್ಬರು ತಾವೇ ಬಿಚ್ಚಿ ಬೇರೆ ಡಿಸ್ಕ್ ಹಾಕಿಕೊಡುತ್ತೇನೆ ಎಂದರು. ಮತ್ತೊಬ್ಬರು, “ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗ್ತೀರಲ್ಲ, ಎಸ್.ಪಿ. ರೋಡ್‌ನಲ್ಲಿ ಕೊಟ್ಟರೆ ಅರ್ಧ ಗಂಟೆ ಕೆಲಸ” ಎಂದರು.

ಎಸ್.ಪಿ. ರೋಡ್‌ನವರ ಕೈಚಳಕದ ಬಗ್ಗೆ ನನಗೂ ಗೌರವವಿದೆ. ಗ್ಯಾರಂಟಿ ಮುಗಿದ ಹಳೆಯ ಯಂತ್ರವಾದರೆ ಬಿಚ್ಚಿ ಸರಿಮಾಡುವುದೇ ಜಾಣತನ. ಹೊಸದರ ಮಾತು ಬೇರೆ. ಅಲ್ಲಿ ದೋಷ ಹುಡುಕಬೇಕಾದದ್ದು ರಿಪೇರಿಗಾಗಿ ಅಲ್ಲ, ವಾಪಸ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ.

ಎಲ್ಲ ಸದ್ದೂ ರೋಗವಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ, ಓದುವ ‘ಹೆಡ್’ ತೇಲುತ್ತಿರುತ್ತದೆ. ಕೆಲಸವಿಲ್ಲದಾಗ ಅದು ಪಕ್ಕಕ್ಕೆ ಸರಿದು ಕೂರುವಾಗ ಆಗೊಮ್ಮೆ ಈಗೊಮ್ಮೆ ‘ಟಿಕ್’ ಎನ್ನುವುದು ಸಹಜ. ‘ಗುಂಯ್’ ಎನ್ನುವುದು ಫ್ಯಾನಿನ ಸದ್ದು. ಮೊದಲ ಒಂದೆರಡು ದಿನ ವಿಂಡೋಸ್ ಅಪ್‌ಡೇಟ್‌ಗಳು, ಆಂಟಿವೈರಸ್ ಎಲ್ಲ ಸೇರಿ ಡಿಸ್ಕನ್ನು ಬಿಡುವಿಲ್ಲದೆ ದುಡಿಸುವುದರಿಂದಲೂ ಯಂತ್ರ ತೆವಳಬಹುದು. ಒಂದು ರಾತ್ರಿ ಆನ್ ಮಾಡಿಯೇ ಬಿಟ್ಟು ನೋಡಿ. ಆದರೆ ‘ಟಕ್’ ಎಂದಾಗಲೆಲ್ಲ ಯಂತ್ರ ಸ್ತಬ್ಧವಾದರೆ, ಹೆಡ್ ಒಂದೇ ಜಾಗವನ್ನು ಓದಲಾರದೆ ಮತ್ತೆ ಮತ್ತೆ ತಡಕಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ಆಗ ಮೊದಲ ಕೆಲಸ ಪರೀಕ್ಷೆಯಲ್ಲ. ಫೋಟೋ, ಕಡತಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಿ. ಡಿಸ್ಕಿಗೆ ಬೆಲೆಯಿದೆ, ಊರಿನಲ್ಲಿ ಅಜ್ಜಿ ಹೇಳಿದ ಕಥೆಯ ರೆಕಾರ್ಡಿಂಗ್‌ಗೆ ಬೆಲೆ ಕಟ್ಟುವವರು ಯಾರು? ಹೊಸದು ಬಂದ ಖುಷಿಯಲ್ಲಿ ಹಳೆಯ ಲ್ಯಾಪ್‌ಟಾಪನ್ನು ಅಳಿಸಿ ಬೇರೆಯವರಿಗೆ ಕೊಡುವ ಅವಸರವೂ ಬೇಡ.

ಆಮೇಲೆ ಸಾಕ್ಷಿ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾವೇ ಬರೆದಿಡುತ್ತವೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ದಂಥ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ನಮ್ಮ ಡಿಸ್ಕಿನಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿತ್ತು. ಆ ಪುಟವನ್ನು ಮುದ್ರಿಸಿಕೊಂಡೆ, ಸದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ.

ಅಂಗಡಿಯವರು, “ಹಾರ್ಡ್ ಡಿಸ್ಕ್ ಅಂದಮೇಲೆ ಸದ್ದು ಇದ್ದೇ ಇರುತ್ತೆ, ತಯಾರಕರಿಗೆ ಫೋನ್ ಮಾಡಿ” ಎಂದರು. ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ತಲೆಯಾಡಿಸಿ ಮನೆಗೆ ಬರುವುದು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಹೊಣೆ ಮಾರಿದವರದ್ದು. 30 ದಿನಗಳೊಳಗೆ ದೋಷವಿದೆಯೆಂದು ತೋರಿಸಿದರೆ ಪೂರ್ತಿ ಹಣ ವಾಪಸ್ ಕೇಳಬಹುದು. ತೋರಿಸುವ ಭಾರ ನಮ್ಮದೇ, ಆದ್ದರಿಂದಲೇ ಸಾಕ್ಷಿ ಬೇಕು. ಆ ಗಡುವು ದಾಟಿದರೆ ರಿಪೇರಿಗೋ ಬದಲಿಗೋ ಅಂಗಡಿಗೆ ಒಂದು ಅವಕಾಶ ಕೊಡಬೇಕಾಗುತ್ತದೆ. ಆರು ತಿಂಗಳವರೆಗೆ ಮಾತ್ರ, ಕಂಡ ದೋಷ ಮೊದಲಿನಿಂದಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ತೋರಿಸುವ ಭಾರ ಅವರದ್ದು. ಡಿಸೆಂಬರ್‌ವರೆಗೆ ಕಾದು ಬೆಂಗಳೂರಿಗೆ ಹೊತ್ತಿದ್ದರೆ ನಾನು ಕಳೆದುಕೊಳ್ಳುತ್ತಿದ್ದದ್ದು ಈ ಹಕ್ಕನ್ನೇ. ಕಾಗದ, ವಿಡಿಯೋ ಎರಡನ್ನೂ ಮುಂದಿಟ್ಟು ಶಾಂತವಾಗಿ ಮ್ಯಾನೇಜರ್‌ರನ್ನು ಕರೆಯಲು ಹೇಳಿದೆ. ಹಣ ಅಂದೇ ಕಾರ್ಡಿಗೆ ಮರಳಿತು.

1811ರಲ್ಲಿ ನಮ್ಮ ಈ ನಾಟಿಂಗ್‌ಹ್ಯಾಮ್ ಸುತ್ತಮುತ್ತಲೇ ಕಾಲುಚೀಲ ಹೆಣೆಯುವವರು ಸಿಟ್ಟಿಗೆದ್ದು ಯಂತ್ರಗಳನ್ನು ಮುರಿದು ಹಾಕಿದ್ದರು. ನಾವು ಅಷ್ಟು ದೂರ ಹೋಗಬೇಕಿಲ್ಲ, ರಸೀದಿ ಜೋಪಾನ ಮಾಡಿದರೆ ಸಾಕು!

ಈಗ ಬರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಎಸ್‌ಎಸ್‌ಡಿಗಳೇ. ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಆದರೆ ಅವು ಕೈಕೊಡುವಾಗಲೂ ಸದ್ದು ಮಾಡುವುದಿಲ್ಲ. ಹಬ್ಬದ ಫೋಟೋ ತುಂಬಿಸಿ ನಾವು ಬೀರುವಿನಲ್ಲಿಡುವ ಪೋರ್ಟಬಲ್ ಡಿಸ್ಕುಗಳಲ್ಲಿ ಅನೇಕವು ಇಂದಿಗೂ ತಿರುಗುವಂಥವೇ. ಯಾವುದೇ ಆಗಲಿ, ಒಂದೇ ಪ್ರತಿಯನ್ನು ನಂಬಿ ಕೂರಬೇಡಿ.

ಚೆನ್ನಾಗಿರುವ ವಸ್ತುವನ್ನು ನಾಲ್ಕು ದಿನ ಬಳಸಿ ನೆಪ ಹೇಳಿ ಹಿಂದಿರುಗಿಸಿ ಎಂದು ನಾನು ಖಂಡಿತ ಹೇಳುತ್ತಿಲ್ಲ, ಅದು ನ್ಯಾಯವಲ್ಲ. ಕೆಟ್ಟದ್ದನ್ನು ಮಾರಿದವರ ತಲೆನೋವನ್ನು ನಮ್ಮ ಮನೆಗೆ ತಂದುಕೊಳ್ಳುವುದೂ ನ್ಯಾಯವಲ್ಲ, ಏನಂತೀರಿ?