ಔಷಧದ ಬೆಲೆ ಮತ್ತು ಆಯುಷ್ಯದ ಲೆಕ್ಕ

ಕ್ಯಾನ್ಸರಿನ ಹೊಸ ಔಷಧವೊಂದನ್ನು ವೈದ್ಯರು ಸೂಚಿಸಿದಾಗ ಬೆಲೆಯೆಷ್ಟೆಂದು ಕೇಳುತ್ತೇವೆ. ಅದರಿಂದ ದೊರೆಯುವ ಪ್ರಯೋಜನವೆಷ್ಟೆಂದು ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಆಪ್ತರ ಪ್ರಾಣಕ್ಕೆ ಲೆಕ್ಕ ಹಾಕುವುದು ನಿರ್ದಯತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಾವು ಹಾಕದ ಲೆಕ್ಕವನ್ನು ಔಷಧ ಕಂಪನಿ ತನಗೆ ಅನುಕೂಲವಾಗುವಂತೆ ಹಾಕಿಕೊಳ್ಳುತ್ತದೆ.

ದುಬಾರಿ ಔಷಧಗಳೆಲ್ಲ ಒಂದೇ ತೂಕದವಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಅನೇಕ ರೋಗಿಗಳಿಗೆ ವರ್ಷಗಟ್ಟಲೆ ಆಯುಷ್ಯವನ್ನು ನೀಡಿದೆ. ಮುಂದುವರಿದ ಯಕೃತ್ತಿನ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್, ಪ್ರಮುಖ ಪ್ರಯೋಗವೊಂದರಲ್ಲಿ, ಬದುಕುಳಿಯುವ ಅವಧಿಯ ಮಧ್ಯಾಂಕವನ್ನು 7.9 ತಿಂಗಳಿನಿಂದ 10.7 ತಿಂಗಳಿಗೆ ಏರಿಸಿತು. ಬಾಯರ್ ಕಂಪನಿಯ ಈ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆಯಿತ್ತು. ಐದು ತಿಂಗಳು ಸೇವಿಸಿದರೆ 14 ಲಕ್ಷ. 2012ರಲ್ಲಿ ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ ಕಡ್ಡಾಯ ಪರವಾನಗಿ ದೊರೆತಾಗ ತಿಂಗಳ ಬೆಲೆ 8,880 ರೂಪಾಯಿಗೆ ನಿಗದಿಯಾಯಿತು. ಅದೇ ಐದು ತಿಂಗಳಿಗೆ 44,400. ಔಷಧದ ಗುಣ ಬದಲಾಗಲಿಲ್ಲ. ಹಳೆಯ ಬೆಲೆ ಪ್ರಯೋಜನವನ್ನು ಅಳೆದು ಇಟ್ಟದ್ದಲ್ಲವೆಂಬುದು ಇದರಿಂದ ಸ್ಪಷ್ಟ.

ಸಂಶೋಧನೆಗೆ ಅಪಾರ ವೆಚ್ಚವಾಗುತ್ತದೆ, ಲಾಭವಿಲ್ಲದೆ ಹೊಸ ಔಷಧ ಹುಟ್ಟದು ಎಂಬ ವಾದವನ್ನು ತಳ್ಳಿಹಾಕಲಾಗದು. ಹಾಗೆಂದು ಪ್ರಯೋಜನ ಅಲ್ಪವಾಗಿದ್ದರೂ ಕೇಳಿದಷ್ಟು ಕೊಡಬೇಕೆಂದಿಲ್ಲ.

2024ರ ಜುಲೈ ಮುಂಗಡಪತ್ರದಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕವನ್ನು ಕೈಬಿಟ್ಟಿತು. ಕ್ರಮ ಸ್ವಾಗತಾರ್ಹ. ಆದರೆ ಸುಂಕ ಹೋದರೂ ಕಂಪನಿ ಇಟ್ಟ ಮೂಲ ಬೆಲೆ ಹಾಗೆಯೇ ಉಳಿಯುತ್ತದೆ. ಬ್ರಿಟನ್ನಿನ 'ನೈಸ್' ಸಂಸ್ಥೆ ಔಷಧದ ವೆಚ್ಚವನ್ನು ಅದು ನೀಡುವ ಆಯುಷ್ಯ ಹಾಗೂ ಜೀವನದ ಗುಣಮಟ್ಟದೊಡನೆ ತೂಗಿ ನೋಡಿ, ಸರ್ಕಾರಿ ಆರೋಗ್ಯ ಸೇವೆಗೆ ಶಿಫಾರಸು ಮಾಡುತ್ತದೆ ಅಥವಾ ನಿರಾಕರಿಸುತ್ತದೆ. ನಿರಾಕರಣೆಯಿಂದ ಕೆಲವು ರೋಗಿಗಳಿಗೆ ನೋವಾಗುವುದುಂಟು. ಆದರೂ ಕಾರಣಗಳು ಬಹಿರಂಗವಾಗಿರುತ್ತವೆ, ಕಂಪನಿಯೊಡನೆ ಚೌಕಾಸಿಗೆ ಬಲ ಬರುತ್ತದೆ. ನಮ್ಮ ಸರ್ಕಾರವೂ ತಾನು ಹಣ ತೆರುವ ಪ್ರತಿಯೊಂದು ದುಬಾರಿ ಔಷಧಕ್ಕೆ ಇಂಥ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿ ಪ್ರಕಟಿಸಬೇಕು.

ಅಗ್ಗದ ದಾರಿಯನ್ನು ಹುಡುಕುವ ಸಂಶೋಧನೆಗೂ ಹಣ ಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮುಂದುವರಿದ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ, ಸಾಮಾನ್ಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ನಿವೊಲುಮ್ಯಾಬನ್ನು ಇತರ ಔಷಧಗಳೊಡನೆ ಕೊಟ್ಟು ನೋಡಿದರು. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ಇಂಥ ಪ್ರಯೋಗದಿಂದ ಕಂಪನಿಗೆ ಲಾಭವಿಲ್ಲ. ಸರ್ಕಾರವೂ ದಾನಿಗಳೂ ಇದಕ್ಕೆ ಹೆಗಲು ಕೊಡಬೇಕು.

ಚತುರ್ವಿಧ ದಾನಗಳಲ್ಲಿ ಔಷಧದಾನವನ್ನೂ ಎಣಿಸುವ ನಮ್ಮ ಸಮಾಜಕ್ಕೆ ಈ ಮಾತು ಹೊಸದಲ್ಲ. ನಮ್ಮ ಟ್ರಸ್ಟುಗಳು ಚಿಕಿತ್ಸೆಗೆ ಧನಸಹಾಯ ನೀಡುವಾಗ ಬಿಲ್ಲಿನ ಮೊತ್ತವನ್ನಷ್ಟೇ ನೋಡದೆ, ಪರಿಣತ ವೈದ್ಯರೊಬ್ಬರ ಅಭಿಪ್ರಾಯವನ್ನೂ ಪಡೆಯಲಿ. ಮನೆಯವರು ಸಹ ಮನೆ ಮಾರುವ ಮುನ್ನ ವೈದ್ಯರನ್ನು ಕೇಳಲಿ: ಇದರಿಂದ ಎಷ್ಟು ಕಾಲ ಸಿಗಬಹುದು, ಆ ಕಾಲ ಹೇಗಿರುತ್ತದೆ, ಅಗ್ಗದ ಪರ್ಯಾಯವುಂಟೆ? ಉತ್ತರವನ್ನು ರೋಗಿಗೂ ತಿಳಿಸಿ, ಅವರ ಇಚ್ಛೆಯನ್ನು ಮೊದಲು ಕೇಳಬೇಕು.