ಶ್ವಾಸಕೋಶದ ಸ್ಕ್ಯಾನ್: ‘90% ನಿಖರ’ ಎಂದರೆ ನಂಬಬಹುದೇ?

ಹಾಸಿಗೆ ಪಕ್ಕದಲ್ಲೇ ಮಾಡುವ ಶ್ವಾಸಕೋಶದ ಅಲ್ಟ್ರಾಸೌಂಡ್‌ನಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ‘ಬಿ-ಗೆರೆ’ಗಳನ್ನು. ಶ್ವಾಸಕೋಶದ ಹೊದಿಕೆಯಿಂದ ಪರದೆಯ ತಳದವರೆಗೆ ಇಳಿಯುವ ಬಿಳಿ ಗೆರೆಗಳಿವು. ಎರಡು ಪಕ್ಕೆಲುಬುಗಳ ನಡುವೆ ಮೂರು ಅಥವಾ ಹೆಚ್ಚು ಕಂಡರೆ ನೀರು ತುಂಬಿದೆಯೇ, ಸೋಂಕಿದೆಯೇ ಎಂಬ ಸಂಶಯ ಬರುತ್ತದೆ.

ತೊಡಕಿರುವುದು ಎಣಿಕೆಯಲ್ಲಿ. ಗೆರೆಗಳು ಉಸಿರಿನ ಜೊತೆ ಜರುಗುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಬ್ಬರಿಗೆ ಎರಡು ಕಂಡರೆ ಇನ್ನೊಬ್ಬರಿಗೆ ಮೂರು.

ಒಂದು ಲೆಕ್ಕ ಹಾಕೋಣ. ಇಬ್ಬರು ವೈದ್ಯರು 100 ವಿಡಿಯೊ ನೋಡಿ, ತಲಾ 90 ನಾರ್ಮಲ್ ಎಂದರು ಎಂದುಕೊಳ್ಳಿ. 90 ವಿಡಿಯೊಗಳಲ್ಲಿ ಇಬ್ಬರ ಉತ್ತರವೂ ಒಂದೇ. ಭೇಷ್ ಅಲ್ಲವೇ? ಆದರೆ ಇದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಹೇಳಿದ್ದರೂ ಸರಾಸರಿ 82 ಹೊಂದುತ್ತಿದ್ದವು! ಉಳಿದ 18ರಲ್ಲಿ ನಿಜವಾಗಿ ಗಳಿಸಿದ್ದು 8. ಈ ಅಳತೆಯ ಹೆಸರು ‘ಕಪ್ಪಾ’. ಇಲ್ಲಿ ಅದು ಕೇವಲ 0.44.

ಸಾಫ್ಟ್‌ವೇರ್ ದಣಿಯದೆ ಎಣಿಸುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದು ಕಲಿಯುವುದು ವೈದ್ಯರೇ ಗುರುತು ಮಾಡಿದ ವಿಡಿಯೊಗಳಿಂದ. ಅವರಲ್ಲೇ ಒಮ್ಮತವಿಲ್ಲದಿದ್ದರೆ ಅದರ ಪಾಠವೂ ಅಷ್ಟಕ್ಕಷ್ಟೇ. ಗೆರೆಗಳಿಗೆ ಕಾರಣ ಹೃದಯದ ತೊಂದರೆಯೋ ನ್ಯುಮೋನಿಯಾವೋ ಎಂಬುದನ್ನು ಬರೀ ಎಣಿಕೆ ಹೇಳದು.

‘ಎಐ 90% ನಿಖರ’ ಎಂಬ ಫಾರ್ವರ್ಡ್ ಬಂದರೆ ಹಂಚುವ ಮೊದಲು ಕೇಳೋಣ: ಯಾರ ಉತ್ತರಕ್ಕೆ ಹೋಲಿಸಿ? ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದರೆ ಉಳಿಯುವುದೆಷ್ಟು?